ಎರಡು ಮನೆಯ ಬಟ್ಟಲು

ಹೋದ ತಿಂಗಳು ಬೆರ್ರಿಯೆಸಾ ಸ್ಟೇಷನ್ನಿನಲ್ಲಿ ಟ್ರೇನು ಇಳಿದು, ಗೆಳೆಯನ ಕಾರು ಬರುವವರೆಗೆ ಸುಮ್ಮನೆ ನಿಲ್ಲುವುದೇಕೆಂದು ಅಪಾರ್ಟ್‌ಮೆಂಟುಗಳ ಕಡೆ ನಾಲ್ಕು ಹೆಜ್ಜೆ ಹಾಕಿದೆ. ಯಾರದೋ ಅಡುಗೆಮನೆಯ ಕಿಟಕಿಯಿಂದ ಅಗಸೆ ಬೀಜ ಹುರಿಯುವ ವಾಸನೆ ಬಂತು. ಜೊತೆಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ. ಬೆಳ್ಳುಳ್ಳಿ ಒಳಗೆ ಬರದ ಮೈಸೂರಿನ ಮನೆಯಲ್ಲಿ ಹುಟ್ಟಿದವನು ನಾನು. ಆದರೂ ಆ ವಾಸನೆಗೆ ಫುಟ್‌ಪಾತಿನಲ್ಲೇ ನಿಂತುಬಿಟ್ಟೆ. ನಾವು ಈ ಕಡೆ ಕೆಲವು ವರ್ಷ ಇದ್ದೆವು. ಅದರಲ್ಲಿ ಒಂದು ಮಳೆಗಾಲ ಮಾತ್ರ ನನಗೆ ನೆನಪಿದೆ, ಅದೂ ಪೂರ್ತಿ ಕಲಸುಮೇಲೋಗರವಾಗಿ.

ಮಗಳ ಸ್ಕೂಲಿಗೆಂದು ಕ್ಯುಪರ್ಟಿನೋದಲ್ಲಿ ಉಸಿರು ಬಿಗಿಹಿಡಿದು ವರ್ಷಗಟ್ಟಲೆ ಬಾಡಿಗೆ ಕಟ್ಟಿದ್ದೆವು. ಅವಳು ಕಾಲೇಜು ಸೇರಿದ್ದೇ ತಡ, ಬೆರ್ರಿಯೆಸಾದ ಒಂದು ಪುಟ್ಟ ಟೌನ್‌ಹೋಮಿಗೆ ಬಂದೆವು. ಬಂದ ಮರುವರ್ಷ ನನ್ನ ಕೆಲಸ ಹೋಯಿತು. ಬೆಳಗ್ಗೆ ಎದ್ದು ಲ್ಯಾಪ್‌ಟಾಪು ತೆರೆದರೆ ಪಾಸ್‌ವರ್ಡು ಒಪ್ಪಲಿಲ್ಲ, ಅಷ್ಟೆ. ಈ ಊರಿನಲ್ಲಿ ಕೆಲಸ ಹೋಗುವುದು ನೆಗಡಿ ಬಂದ ಹಾಗೆ, ಎಲ್ಲರಿಗೂ ಒಂದಲ್ಲ ಒಂದು ಸಲ ಬರುತ್ತದೆ ಎಂದು ನಾನೇ ಬೇರೆಯವರಿಗೆ ಧೈರ್ಯ ಹೇಳಿದ್ದವನು. ನನಗೇ ಬಂದಾಗ ಆ ಮಾತು ನಾಲಗೆಗೆ ಬರಲಿಲ್ಲ. ಹೆಂಡತಿ ವಸುಧಾ ಸ್ಯಾನ್ ಮಟಿಯೋದ ಕ್ಲಿನಿಕ್ಕೊಂದರಲ್ಲಿ ಡಾಕ್ಟರು. ಅವಳಿಗೆ, ಮಗಳಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಯಾರಾದರೂ ಕೇಳಿದರೆ ‘ವರ್ಕ್ ಫ್ರಮ್ ಹೋಮು’ ಎನ್ನುತ್ತಿದ್ದೆ. ವಸುಧಾ ಬೆಳಗ್ಗೆ ಫ್ರೀವೇ ಹಿಡಿದರೆ ಬರುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ನಾನು, ಈ ಕಡೆ ಚಳಿಗಾಲದಲ್ಲೇ ಬರುವ ಮಳೆ, ಉತ್ತರ ಬಾರದ ಅರ್ಜಿಗಳು.

ಆ ವರ್ಷದ ದೀಪಾವಳಿಗೆ ನಮ್ಮ ಕಾಂಪ್ಲೆಕ್ಸಿನ ಕ್ಲಬ್‌ಹೌಸಿನಲ್ಲಿ ಪಾಟ್‌ಲಕ್ಕು ಇತ್ತು. ಎಲ್ಲರೂ ಒಂದೊಂದು ಪಾತ್ರೆ ತಂದು, ಉಂಡು, ತಂತಮ್ಮ ಪಾತ್ರೆ ಹುಡುಕಿಕೊಂಡು ಹೋದರು. ಕೊನೆಗೆ ಮೇಜಿನ ಮೇಲೆ ಒಂದು ಮಣ್ಣಿನ ಬಟ್ಟಲು ಉಳಿಯಿತು. ಎರಡು ಬೊಗಸೆ ಹಿಡಿಯುವಷ್ಟು ಅಗಲ. ಒಳಗೆ ತಳದಲ್ಲಿ ಒಂದು ಹಕ್ಕಿ, ಹಂಸವೋ ಬಾತುಕೋಳಿಯೋ ಹೇಳುವುದು ಕಷ್ಟ. ಅದಕ್ಕೆ ಹಚ್ಚಿದ ಹಸಿರು, ಕಂದು ಬಣ್ಣ ಗೆರೆ ದಾಟಿ ಎಲ್ಲೆಲ್ಲೋ ಹರಿದಿತ್ತು. ಯಾರದೋ ಮಗು ಸಮ್ಮರ್ ಕ್ಯಾಂಪಿನಲ್ಲಿ ಮಾಡಿರಬೇಕು ಅಂದುಕೊಂಡೆ. ಅಂಚಿನ ಸುತ್ತ ಉರ್ದು ಅಕ್ಷರದಂಥ ಗೀರುಗಳಿದ್ದವು. ಅದನ್ನು ನೋಡಿದ ವಸುಧಾ, “ಇದು ಪಕ್ಕದ್ಮನೆ ಶಮೀಮ್ ಆಪಾ ಅವ್ರದ್ದು. ನಾಳೆ ಕೊಟ್ಬಿಡಿ. ಬರೀ ಬಟ್ಟಲು ಕೊಡ್ಬೇಡಿ ಮತ್ತೆ” ಎಂದಳು.

ಬರೀ ಪಾತ್ರೆ ಹಿಂದಿರುಗಿಸಬಾರದೆಂಬುದು ನಮ್ಮಲ್ಲಿ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಬೇಕು. ಇನ್ನೊಂದು ಕಟ್ಟಳೆಯೂ ಉಂಟು. ಕೊಡುವಾಗಾಗಲಿ ತೆಗೆದುಕೊಳ್ಳುವಾಗಾಗಲಿ ಪಾತ್ರೆಯ ಮಾತು ಎತ್ತಬಾರದು. ‘ನಿಮ್ಮ ಬಟ್ಟಲು ತಗೊಳ್ಳಿ’ ಎಂದರೆ ಋಣ ಹರಿದುಕೊಂಡಂತೆ. ‘ನಮ್ಮ ಬಟ್ಟಲು ಎಲ್ಲಿ’ ಎಂದರೆ ಅದಕ್ಕಿಂತ ಸಣ್ಣತನವಿಲ್ಲ. ಹಾಗಾಗಿ ನಾನು ಮರುದಿನ ಜೀವಮಾನದಲ್ಲಿ ಮೊದಲ ಸಲ ಟೊಮೇಟೊ ಸಾರು ಮಾಡಿ, ಅದರಲ್ಲಿ ತುಂಬಿ, ಪಕ್ಕದ ಬಾಗಿಲಿಗೆ ಹೋಗಿ, “ತಗೊಳ್ಳಿ ಆಪಾ” ಎಂದೆ. ಅಷ್ಟೇ ಎಂದದ್ದು.

ಶಮೀಮ್ ಆಪಾ ವಿಜಯಪುರದವರು. ಗಂಡ ತೀರಿಕೊಂಡ ಮೇಲೆ ಮಗ ಇರ್ಫಾನನ ಜೊತೆ ಬಂದು ಇದ್ದರು. ಅವನು ಹಗಲೆಲ್ಲ ಆಫೀಸು. ಎಪ್ಪತ್ತರ ಹತ್ತಿರದ ಹೆಂಗಸು, ಒಳ್ಳೆಯ ಎತ್ತರ, ಮಾತು ಮಾತ್ರ ಕಮ್ಮಿ. ಬಟ್ಟಲಿನ ಕಡೆ, ನನ್ನ ಕಡೆ ಒಮ್ಮೆ ನೋಡಿ, “ಸಾರು ನೀವ ಮಾಡೀರೇನ್ರಿ ಸರ?” ಎಂದರು. ಹೌದೆಂದೆ. “ಘಮ್ ಅಂತೈತಿ” ಎಂದು ಒಳಗೆ ಒಯ್ದರು. ಆ ‘ಘಮ್’ ಎಂಬ ಒಂದು ಮಾತನ್ನು ನಾನು ಸಂಜೆಯವರೆಗೆ ಮನಸ್ಸಿನಲ್ಲಿ ತಿರುಗಿಸುತ್ತಿದ್ದೆ. ಎಷ್ಟೋ ವಾರಗಳಿಂದ ಯಾರೂ ನನ್ನ ಕೆಲಸವನ್ನು ಮೆಚ್ಚಿರಲಿಲ್ಲ.

ಮರುದಿನ ಬಾಗಿಲು ತಟ್ಟಿದ ಸದ್ದು. ನೋಡಿದರೆ ಆಪಾ, ಕೈಯಲ್ಲಿ ಅದೇ ಬಟ್ಟಲು, ಅದರಲ್ಲಿ ಬಿಸಿ ಬಿಸಿ ಹೆಸರುಕಾಳಿನ ಪಲ್ಯ, ಮೇಲೊಂದು ಸಣ್ಣ ಗುಡ್ಡೆ ಅಗಸಿ ಹಿಂಡಿ, ಅಂದರೆ ಅಗಸೆ ಬೀಜದ ಚಟ್ನಿಪುಡಿ. “ತಗೋರಿ. ಬ್ಯಾರೆ ಬೋಗಾಣ್ಯಾಗ ಮಾಡೀನಿ, ಚಿಂತಿ ಬ್ಯಾಡ” ಎಂದರು, ಮಾಂಸ ಬೇಯಿಸದ ಪಾತ್ರೆಯಲ್ಲಿ ಎಂಬರ್ಥದಲ್ಲಿ. ತಮ್ಮ ಬಟ್ಟಲನ್ನೇ ಮತ್ತೆ ಕಳಿಸಿದ್ದಾರೆ, ಎಷ್ಟು ದೊಡ್ಡ ಮನಸ್ಸು ಎಂದು ನಾನಂದುಕೊಂಡೆ. ಈಗ ನನ್ನ ಸರದಿ ಬಂತು. ಹುಳಿ ಮಾಡಿದೆ, ಕಳಿಸಿದೆ. ಅವರು ಮೆಂತ್ಯದ ಸೊಪ್ಪು ಕಳಿಸಿದರು. ನಾನು ಚಿತ್ರಾನ್ನ, ಅವರು ಶೇಂಗಾ ಹೋಳಿಗೆ. ಹಕ್ಕಿ ಒಂದು ದಿನ ನಮ್ಮ ಮನೆಯಲ್ಲಿ, ಒಂದು ದಿನ ಅವರ ಮನೆಯಲ್ಲಿ.

ಈಗ ಕೂತು ಯೋಚಿಸಿದರೆ ಆ ಮಳೆಗಾಲದಲ್ಲಿ ನನ್ನನ್ನು ಎತ್ತಿ ನಿಲ್ಲಿಸಿದ್ದು ಇದೊಂದೇ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಬೆಳಗ್ಗೆ ಹಾಸಿಗೆಯಿಂದ ಏಳಲು ಕಾರಣ ಬೇಕಲ್ಲ. ಇವತ್ತು ಬಟ್ಟಲು ನಮ್ಮಲ್ಲಿದೆ, ಏನಾದರೂ ಮಾಡಬೇಕು. ಇವತ್ತು ಅವರಲ್ಲಿದೆ, ಬಾಗಿಲು ತಟ್ಟುತ್ತಾರೆ, ಸ್ನಾನವಾದರೂ ಮಾಡಿರಬೇಕು. ಗ್ರೋಸರಿಗೆ ಹೋಗಿ ನುಗ್ಗೆಕಾಯಿ ಆರಿಸುತ್ತ ನಿಂತರೆ ನಾನೂ ಒಬ್ಬ ಉದ್ಯೋಗಸ್ಥನಂತೆ ಅನ್ನಿಸುತ್ತಿತ್ತು. ಪೂರ್ವದ ಗುಡ್ಡಗಳು ಮಳೆಗೆ ಹಸಿರಾಗುತ್ತ ಬಂದವು. ನಾನು ಒಗ್ಗರಣೆಯಲ್ಲಿ ಪಳಗಿದೆ. ವಸುಧಾ, “ರೀ, ಇಪ್ಪತ್ತೈದು ವರ್ಷ ಈ ಟ್ಯಾಲೆಂಟನ್ನ ಎಲ್ಲಿ ಬಚ್ಚಿಟ್ಟಿದ್ರಿ?” ಎಂದು ಕಿಚಾಯಿಸುವಳು. ಅವಳು ನಗುವುದನ್ನು ನೋಡಿ ನನಗೂ ಸ್ವಲ್ಪ ಉಸಿರು ಬರುತ್ತಿತ್ತು.

ಸಂಕ್ರಾಂತಿ ಕಳೆದ ಭಾನುವಾರ ವಸುಧಾಳ ಗೆಳತಿಯ ಮಗಳು ಅನಿಕಾ ಊಟಕ್ಕೆ ಬಂದಳು. ಕ್ಯುಪರ್ಟಿನೋದಲ್ಲಿ ಬೆಳೆದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಎಲ್ಲರ ಮಕ್ಕಳೂ ಕಂಪ್ಯೂಟರು ಓದಿದರೆ ಇವಳು ಹಳೆಯ ಕಲಾವಸ್ತುಗಳನ್ನು ದುರಸ್ತಿ ಮಾಡುವುದನ್ನು ಓದಿ, ಸಿಟಿಯ ಮ್ಯೂಸಿಯಮ್ಮೊಂದರಲ್ಲಿ ಕೆಲಸಕ್ಕಿದ್ದಳು. ನಾನು ಮೈಕ್ರೋವೇವಿನಿಂದ ಆಪಾ ಕಳಿಸಿದ ಪಲ್ಯದ ಬಟ್ಟಲು ತೆಗೆದು ಮೇಜಿನ ಮೇಲಿಟ್ಟೆ. ಅವಳು ಸೌಟು ಹಾಕಲು ಹೋದವಳು ಕೈ ಹಿಂದಕ್ಕೆಳೆದುಕೊಂಡಳು.

“ಅಂಕಲ್, ಸ್ಟಾಪ್. ವೇರ್ ಡಿಡ್ ಯು ಗೆಟ್ ದಿಸ್?”

“ಪಲ್ಯಾನಾ?”

“ನೋ, ದ ಬೌಲ್! ಯು ಮೈಕ್ರೋವೇವ್ಡ್ ಇಟ್?”

ಡಿಶ್‌ವಾಷರಿಗೂ ಒಂದೆರಡು ಸಲ ಹಾಕಿದ್ದೆವೆಂದು ಹೇಳುವುದು ಸರಿಯಲ್ಲವೆನಿಸಿ ಸುಮ್ಮನಾದೆ. ಅವಳು ಪಲ್ಯವನ್ನು ಬೇರೆ ಪಾತ್ರೆಗೆ ಹಾಕಿಸಿ, ಬಟ್ಟಲನ್ನು ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡತೊಡಗಿದಳು. ಊಟ ಆರಿತು. ಹಿಂದಿನ ಕಾಲದಲ್ಲಿ ಕೆಂಪು ಮಣ್ಣಿನ ಬಟ್ಟಲಿಗೆ ಬಿಳಿ ಮಣ್ಣಿನ ನೀರು ಬಳಿದು, ಕಡ್ಡಿಯಿಂದ ಗೀರಿ ಚಿತ್ರ ಬಿಡಿಸುತ್ತಿದ್ದರಂತೆ. ಗೀರಿದ ಕಡೆ ಕೆಳಗಿನ ಕೆಂಪು ಕಾಣುತ್ತದೆ. ಮೇಲೆ ಹಸಿರು, ಕಂದು ಚೆಲ್ಲಿ, ಗಾಜಿನಂಥ ಲೇಪ ಕೊಟ್ಟು ಸುಟ್ಟರೆ ಬಣ್ಣ ಹೀಗೇ ಗೆರೆ ದಾಟಿ ಹರಿಯುತ್ತದಂತೆ. ಪರ್ಷಿಯಾದ ಕಡೆಯದ್ದಿರಬಹುದು, ಸಿರಿಯಾದ್ದಿರಬಹುದು, ಆರೇಳು ನೂರು ವರ್ಷ ಹಳೆಯದಿರಬಹುದು, ಅಥವಾ ಚೆನ್ನಾಗಿ ಮಾಡಿದ ಹೊಸ ನಕಲೂ ಇರಬಹುದು, ಲ್ಯಾಬಿಗೆ ಹೋಗದೆ ಹೇಳಲಾಗದು ಎಂದಳು. ಅಂಚಿನ ಅಕ್ಷರ ಏನು ಹೇಳುತ್ತದೆ ಎಂದು ಕೇಳಿದೆ. ಏನೂ ಹೇಳುವುದಿಲ್ಲವಂತೆ. ಅದು ಅಕ್ಷರವೇ ಅಲ್ಲವಂತೆ, ಅಕ್ಷರದಂತೆ ಕಾಣುವ ಅಲಂಕಾರವಂತೆ.

“ಹಾಗಾದ್ರೆ ಯಾವ್ದೋ ರಾಜನ ಮನೇದಾ?” ಎಂದಳು ವಸುಧಾ.

“ನೋ ಆಂಟಿ. ಇದು ಬಜಾರ್ ಸ್ಟಫ್. ಸಮ್‌ಬಡೀಸ್ ಎವ್ರಿಡೇ ಬೌಲ್.” ಅನಿಕಾ ಬಟ್ಟಲನ್ನು ಓರೆ ಮಾಡಿ ತಳದ ಹಕ್ಕಿಯ ಮೇಲೆ ಸವೆದ ಒಂದು ಉಂಗುರವನ್ನು ತೋರಿಸಿದಳು. ಉಂಡು ಉಂಡು, ಬಳಿದು ಬಳಿದು ಆದ ಸವೆತ. “ಸಮ್ ಆಫ್ ದೀಸ್ ಸ್ಕ್ರಾಚಸ್ ಆರ್ ಪ್ರಾಬಬ್ಲಿ ಯುವರ್ಸ್, ಅಂಕಲ್” ಎಂದು ನನ್ನ ಸ್ಟೀಲ್ ಸೌಟಿನ ಕಡೆ ನೋಡಿದಳು.

ಆಮೇಲೆ ಹೇಳಿದ ಮಾತು ಮಾತ್ರ ನಗುವಂಥದ್ದಾಗಿರಲಿಲ್ಲ. ಆ ಲೇಪದಲ್ಲಿ ಸೀಸ ಇರುತ್ತದೆ, ಹುಳಿ ತಗುಲಿದರೆ ಆ ವಿಷ ಊಟಕ್ಕೆ ಬಿಡುತ್ತದೆ, ಇದರಲ್ಲಿ ಇನ್ನೊಂದು ತುತ್ತೂ ತಿನ್ನಬೇಡಿ ಎಂದಳು. ಹುಳಿ! ನಾನು ಎರಡು ತಿಂಗಳಿನಿಂದ ಒಬ್ಬ ವಯಸ್ಸಾದ ಹೆಂಗಸಿಗೆ ಹುಣಸೆಹುಳಿ, ನಿಂಬೆಹುಳಿ, ಟೊಮೇಟೊ ಬಿಟ್ಟು ಬೇರೆ ಏನನ್ನು ಕಳಿಸಿದ್ದೆ? ಬಟ್ಟಲನ್ನು ಟವೆಲಿನಲ್ಲಿ ಸುತ್ತಿ, ಅನಿಕಾಳನ್ನೂ ಕರೆದುಕೊಂಡು, ಆ ಘಳಿಗೆಯಲ್ಲೇ ಪಕ್ಕದ ಮನೆಗೆ ಹೋದೆ.

“ಆಪಾ, ನಿಮ್ಮ ಬಟ್ಟಲು...” ಎಂದೆ. ಮೊದಲ ಸಲ ಪಾತ್ರೆಯ ಮಾತು ಎತ್ತಿದ್ದು.

ಆಪಾ ಕಣ್ಣು ಕಿರಿದು ಮಾಡಿದರು. “ನಮ್ದಲ್ರೀ ಅದು. ನಿಮ್ದು.”

“ಇಲ್ಲ ಆಪಾ, ನಿಮ್ದೇ. ಪಾಟ್‌ಲಕ್ಕಿನಲ್ಲಿ ಬಿಟ್ಟುಹೋಗಿದ್ರಲ್ಲ.”

“ನಾ ಆ ದಿನಾ ಸ್ಟೀಲಿನ ಡಬರಿ ಒಯ್ದಿದ್ದೆ. ಇದು ನಿಮ್ದ ರೀ! ಒಳಗ ಹಂಸಾ ಐತಿ, ಸರಸ್ವತಿದು. ನಿಮ್ದಂತ ಹೇಳಿ ಒಂದ ದಿನಾ ಮಟನ್ ಹಾಕಿಲ್ಲ ಅದ್ರಾಗ!”

ನಾವು ಅಕ್ಷರ ನೋಡಿ ಅವರದ್ದೆಂದುಕೊಂಡಿದ್ದೆವು, ಅವರು ಹಕ್ಕಿ ನೋಡಿ ನಮ್ಮದೆಂದುಕೊಂಡಿದ್ದರು. ಅನಿಕಾ ಇಬ್ಬರ ಮುಖವನ್ನೂ ನೋಡಿ, “ಸೋ, ಹೂ ಓನ್ಸ್ ಇಟ್?” ಎಂದು ಕೇಳಿದಳು. ಒಳಗಿನಿಂದ ಬಂದ ಇರ್ಫಾನ್ ಎಲ್ಲ ಕೇಳಿಸಿಕೊಂಡು ಗಂಭೀರವಾದ. ಮ್ಯೂಸಿಯಂ, ಪುರಾತನ, ಸೀಸ ಎಂಬ ಮಾತುಗಳು ಅವನಿಗೆ ರುಚಿಸಲಿಲ್ಲ. “ಅಂಕಲ್, ಇದು ನಿಮ್ಹತ್ರಾನೇ ಇರ್ಲಿ, ಪ್ಲೀಸ್. ನಾಳೆ ಯಾರಾದ್ರೂ ಬಂದು ಕದ್ದಿದೀರಿ ಅಂತ ಹೇಳಿದ್ರೆ ನಮಗೆ ಪ್ರಾಬ್ಲಮ್ಮು” ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆಪಾ ಅವನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

ವಸುಧಾ ಮರುದಿನವೇ ಎರಡೂ ಮನೆಯವರಿಗೆ ರಕ್ತ ಪರೀಕ್ಷೆ ಬರೆದುಕೊಟ್ಟಳು. ರಿಪೋರ್ಟು ಬರುವವರೆಗೆ ನಾನು ಸತ್ತು ಬದುಕಿದೆ. ದೇವರ ದಯೆ, ಯಾರಿಗೂ ಏನೂ ಆಗಿರಲಿಲ್ಲ. ಕಾಂಪ್ಲೆಕ್ಸಿನ ವಾಟ್ಸಾಪ್ ಗುಂಪಿಗೆ ಬಟ್ಟಲಿನ ಫೋಟೋ ಹಾಕಿದೆ. ಯಾರೂ ನಮ್ಮದೆನ್ನಲಿಲ್ಲ. ಒಬ್ಬರು ಇಂಥದ್ದು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಮ್ಯೂಸಿಯಮ್ಮಿಗೆ ಕೊಟ್ಟುಬಿಡೋಣವೆಂದರೆ, ಯಾರಿಂದ ಬಂತು, ಹೇಗೆ ಬಂತು ಎಂದು ತಿಳಿಯದ ವಸ್ತುವನ್ನು ತೆಗೆದುಕೊಳ್ಳುವುದಿಲ್ಲವೆಂದು ಅನಿಕಾ ಹೇಳಿದಳು. ಒಂದಡಿ ಬೇಲಿಗಾಗಿ ಕೋರ್ಟಿಗೆ ಹೋಗುವ ಈ ಊರಿನಲ್ಲಿ ಎರಡು ಮನೆಯವರು ಒಂದು ವಸ್ತು ನಮ್ಮದಲ್ಲ ನಮ್ಮದಲ್ಲ ಎಂದು ಜಗ್ಗಾಡಿದ್ದು ಇದೇ ಮೊದಲಿರಬೇಕು.

ನನಗೆ ತಲೆಕೆಟ್ಟದ್ದು ಇದರಿಂದಲ್ಲ. ಬಟ್ಟಲು ನಮ್ಮ ಮನೆಯಲ್ಲಿತ್ತು. ಕೊನೆಗೆ ತುಂಬಿ ಕಳಿಸಿದವರು ಆಪಾ. ಅಂದರೆ ಸರದಿ ನನ್ನದು. ಬರಿದಾಗಿ ಕೊಡುವಂತಿಲ್ಲ, ಅದು ನನ್ನ ತಾಯಿ ಹಾಕಿಕೊಟ್ಟ ಕಟ್ಟಳೆ. ತುಂಬಿ ಕೊಡುವಂತಿಲ್ಲ, ಅದು ಅನಿಕಾ ಹಾಕಿದ ಕಟ್ಟಳೆ. ಇಟ್ಟುಕೊಳ್ಳುವಂತೆಯೂ ಇಲ್ಲ, ಏಕೆಂದರೆ ನನ್ನದಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಅನ್ನುತ್ತಾರಲ್ಲ, ಅದೇ ಪಾಡು. ಸಕ್ಕರೆ ಒಣ ವಸ್ತು, ಅದಕ್ಕೇನು ಹುಳಿ ಎಂದುಕೊಂಡು ಒಂದು ಹಿಡಿ ಸಕ್ಕರೆ ಹಾಕಿ ಒಯ್ದೆ. ಬಾಗಿಲು ತೆರೆದವನು ಇರ್ಫಾನ್. “ಅಂಕಲ್, ಅದು ನಿಮ್ದು” ಎಂದು ಕೈಮುಗಿದುಬಿಟ್ಟ. ಸಕ್ಕರೆಯನ್ನು ಮನೆಗೆ ತಂದು ಡಬ್ಬಿಗೆ ಸುರಿದೆ. ಅದನ್ನೂ ಬಳಸಬಹುದೋ ಇಲ್ಲವೋ ತಿಳಿಯದೆ ಆಮೇಲೆ ಕಸಕ್ಕೆ ಹಾಕಿದೆ.

ಇನ್ನೊಂದು ದಿನ ಮೊಸರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿಬೇಳೆಬಾತು ಹಾಕಿ ಕೊಟ್ಟೆ. ಮರುದಿನ ಆ ಡಬ್ಬಿ ತೊಳೆದು, ಒಂದು ಚೀಲದಲ್ಲಿ, ಅಂಗಡಿಯ ಬಿಸ್ಕತ್ತಿನ ಪ್ಯಾಕೆಟ್ಟಿನ ಜೊತೆ ನಮ್ಮ ಬಾಗಿಲ ಹಿಡಿಗೆ ನೇತಾಡುತ್ತಿತ್ತು. ಬಾಗಿಲು ತಟ್ಟಿದ ಸದ್ದು ಕೇಳಲಿಲ್ಲ. ಅಗಸೆ ಹಿಂಡಿ ಮಾಡುವವರ ಮನೆಯಿಂದ ಬಿಸ್ಕತ್ತು! ಅಲ್ಲಿಗೆ ನಿಂತಿತು. ಅವರು ನಮ್ಮನ್ನು ತಪ್ಪು ತಿಳಿದರೋ, ನಾವು ಅವರನ್ನು ತಪ್ಪು ತಿಳಿದೆವೆಂದು ಅವರು ತಿಳಿದರೋ, ಇರ್ಫಾನ್ ಬೇಡವೆಂದನೋ, ನನ್ನ ಹುಳಿಗೆ ಅವರು ಹೆದರಿದರೋ. ಎಲ್ಲವನ್ನೂ ಒಂದೊಂದಾಗಿ ನಂಬಿ ನೋಡಿದೆ, ಯಾವುದೂ ಪೂರ್ತಿ ಕೂರಲಿಲ್ಲ.

ಫೆಬ್ರವರಿಯ ಮಳೆ ಬಿಟ್ಟೂಬಿಡದೆ ಹೊಡೆಯಿತು. ನಾನು ಅಡುಗೆ ಬಿಟ್ಟೆ. ಮಧ್ಯಾಹ್ನ ಬ್ರೆಡ್ಡು ತಿನ್ನುತ್ತಿದ್ದೆ. ಸ್ನಾನ ಸಂಜೆಗೆ ಹೋಯಿತು, ಆಮೇಲೆ ಕೆಲವು ದಿನ ಸ್ನಾನವೇ ಹೋಯಿತು. ವಸುಧಾ ನನ್ನ ಗಡ್ಡ ನೋಡಿ ಮುಖ ತಿರುಗಿಸುತ್ತಿದ್ದಳು. ಕೆಲಸ ಹೋದ ದಿನ ಆಗದ ದುಃಖ ನನಗೆ ಆಗ ಆಯಿತು. ಟವೆಲು ಬಿಚ್ಚಿ ಆ ಹಕ್ಕಿಯನ್ನು ನೋಡುತ್ತ ಕೂರುತ್ತಿದ್ದೆ. ಎಷ್ಟು ಮನೆಯಲ್ಲಿ ಉಂಡಿದೆಯೋ, ಯಾರ್ಯಾರ ಹಸಿವು ನೋಡಿದೆಯೋ, ಹೇಗೆ ಇಲ್ಲಿಗೆ ಬಂತೋ. ಅದು ನನ್ನದಾಗಿದ್ದರೆ ಅಂದೇ ಒಡೆದುಹಾಕುತ್ತಿದ್ದೆ ಅನ್ನಿಸುತ್ತದೆ. ಯಾರದ್ದೆಂದು ತಿಳಿಯದ್ದರಿಂದ ಉಳಿಯಿತು. ಈಗಲೂ ನಮ್ಮ ಕ್ಲಾಸೆಟ್ಟಿನಲ್ಲಿ, ಅದೇ ಟವೆಲಿನಲ್ಲಿದೆ.

ಆ ತಿಂಗಳ ಕೊನೆಗೆ ಒಂದು ಬೆಳಗ್ಗೆ, ಸುಮಾರು ಹನ್ನೊಂದಕ್ಕೆ, ಬಾಗಿಲು ತಟ್ಟಿದ ಸದ್ದಾಯಿತು. ಪಾರ್ಸೆಲ್ಲಿನವನಿರಬೇಕೆಂದು ಪೈಜಾಮದಲ್ಲೇ ಹೋಗಿ ತೆರೆದೆ. ಶಮೀಮ್ ಆಪಾ ನಿಂತಿದ್ದರು. ಕೊಡೆ ಇಲ್ಲ, ದುಪಟ್ಟಾದ ಮೇಲೆ ಮಳೆಹನಿ. ನಾನು ಅಭ್ಯಾಸಬಲದಿಂದ ಅವರ ಕೈ ನೋಡಿದೆ. ಎರಡೂ ಕೈ ಬರಿದಾಗಿದ್ದವು. ಆ ವಯಸ್ಸಿನ, ಆ ಊರಿನ ಹೆಂಗಸು ಇನ್ನೊಬ್ಬರ ಮನೆಗೆ ಬರಿಗೈಯಲ್ಲಿ ಬರುವುದೆಂದರೆ ಏನೆಂದು ನನಗೆ ಗೊತ್ತು. ಏನೋ ಅನಾಹುತವಾಗಿದೆ ಎಂದೇ ಗಾಬರಿಯಾದೆ.

“ಏನಾಯ್ತು ಆಪಾ? ಇರ್ಫಾನ್ ಹುಷಾರಾಗಿದಾನಾ?”

“ಏನೂ ಆಗಿಲ್ಲ. ಒಳಗ ಬರಲೋ ಬ್ಯಾಡೋ?”

ಸೋಫಾದ ಮೇಲಿನ ಬಟ್ಟೆ ಬಾಚಿ ಜಾಗ ಮಾಡಿಕೊಟ್ಟೆ. ಚಹಾ ಇಡಲು ಹೊರಟೆ. “ಕೂಡ್ರಿ ಸುಮ್ನ. ಚಾ ಬ್ಯಾಡ, ಏನೂ ಬ್ಯಾಡ” ಎಂದರು. ಕೂತೆ. ಅಷ್ಟು ದಿನ ಉಪ್ಪು, ಖಾರ, ಘಮ್ ಬಿಟ್ಟು ಬೇರೆ ಏನನ್ನೂ ನಾವು ಮಾತಾಡಿರಲಿಲ್ಲ ಎಂಬುದು ಆಗ ಹೊಳೆಯಿತು. ಹೊರಗೆ ಮಳೆ ಸುರಿಯುತ್ತಿತ್ತು. ಆಪಾ ಮೇಜಿನ ಮೇಲಿದ್ದ ನನ್ನ ಬ್ರೆಡ್ಡಿನ ತಟ್ಟೆ ನೋಡಿದರು, ಗಡ್ಡ ನೋಡಿದರು.

“ಕೆಲ್ಸ ಇನ್ನೂ ಸಿಕ್ಕಿಲ್ಲೇನು?” ಎಂದರು.

“ಇಲ್ಲ ಆಪಾ, ನಾನು ಮನೆಯಿಂದಾನೇ...” ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟೆ. “ನಿಮಗೆ ಯಾರು ಹೇಳಿದ್ರು?” ಎಂದೆ.

“ಯಾರ್ ಹೇಳಬೇಕು? ಕೆಲ್ಸ ಇದ್ದ ಗಂಡಸು ಸೋಮವಾರ ಹನ್ನೊಂದು ಗಂಟೇಕ ಹುಳಿ ಕುದಸ್ಕೋಂತ ನಿಂದರ್ತಾನೇನು? ಮದ್ಲ ದಿನಾ ಸಾರು ತಂದ್ಯಲ್ಲ, ಅವತ್ತ ತಿಳೀತು.” ದುಪಟ್ಟಾದ ಮಳೆಹನಿ ಕೊಡವಿಕೊಂಡರು. “ನಮ್ಮವ್ರು ಮಿಲ್ ಬಂದಾದಾಗ ಹಿಂಗ ಕುಂತಿದ್ರು. ಮಾತಾಡಸಾಕ ಯಾರೂ ಬರ್ತಿದ್ದಿಲ್ಲ. ನಾಚಕೋತಾರಂತ ಯಾರೂ ಬರ್ತಿದ್ದಿಲ್ಲ. ಅದಕ್ಕ ನಾ ದಿನಾ ಬರ್ತಿದ್ದೆ ನಿನ್ನ ಕಡೆ. ಇರ್ಫಾನ ಬ್ಯಾಡ ಅಂದ, ಬಟ್ಟಲದ ಭಾನಗಡಿ ಬ್ಯಾಡ ಅಂದ. ನನಗೂ ಬರಿಗೈಲೆ ಹ್ಯಾಂಗ ಹೋಗೂದು ಅಂತ ತಿಳೀಲಿಲ್ಲ. ಇಷ್ಟ ದಿನಾ ಅದ ಆತು ನೋಡು.”

ನಾನು ಅತ್ತೆನೆಂದು ಬರೆಯಲು ಈಗಲೂ ನಾಚಿಕೆ, ಆದರೆ ಅತ್ತೆ. ಆಪಾ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಮಳೆ ಸ್ವಲ್ಪ ಇಳಿದ ಮೇಲೆ ಮೊಣಕಾಲು ಹಿಡಿದು ಎದ್ದರು. ಬಾಗಿಲ ತನಕ ಹೋದೆ. ಏನಾದರೂ ಕೊಟ್ಟು ಕಳಿಸಬೇಕೆಂದು ಕೈ ಚಡಪಡಿಸುತ್ತಿತ್ತು. ಮನೆಯಲ್ಲಿ ಬ್ರೆಡ್ಡು ಬಿಟ್ಟರೆ ಏನೂ ಇರಲಿಲ್ಲ.

“ನಾಳಿಗಿ ನೀ ಬಾ ತಮ್ಮಾ” ಎಂದರು. “ಏನರ ತಂದ್ಯಂದ್ರ ಬಾಗಲಾ ತಗ್ಯೂದಿಲ್ಲ.”

ಮರುದಿನ ಸ್ನಾನ ಮಾಡಿ, ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿದೆ. ಒಂದು ನಿಂಬೆಹಣ್ಣಾದರೂ ಹಿಡಿದೆ, ಮತ್ತೆ ಇಟ್ಟೆ. ಐವತ್ತು ದಾಟಿದ್ದ ನಾನು ಅದುವರೆಗೆ ಯಾರ ಮನೆಗೂ ಹಾಗೆ ಹೋದವನಲ್ಲ. ಪಕ್ಕದ ಬಾಗಿಲಿಗೆ ನಮ್ಮ ಬಾಗಿಲಿನಿಂದ ಎಷ್ಟು ದೂರ, ಆದರೂ ಮಳೆಯಲ್ಲಿ ಎರಡು ಸಲ ಹಿಂದಕ್ಕೆ ಬಂದೆ. ಕೊನೆಗೆ ಅಲ್ಲಿ ನಿಂತು, ಎರಡೂ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ, ಒಂದನ್ನು ಜೇಬಿನಲ್ಲಿಟ್ಟುಕೊಂಡು ಇನ್ನೊಂದರಿಂದ ಬಾಗಿಲು ತಟ್ಟಿದೆ.